ವಾಲಿ ನಿಂತ ಗಾಡಿ

ಊರಿಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಈಚೆಗೊಂದು ದಿನ ಶ್ರೀನಿವಾಸಪುರದ ಕಡೆಯ ಬಸ್ಸಿಳಿದು ಮನೆಯ ತಿರುವಿಗೆ ಬಂದರೆ, ಹುಣಸೆಮರದ ಕೆಳಗೆ ಅಣ್ಣನ ಪಿಕಪ್ ನಿಂತಿತ್ತು. ಕೋಲಾರದ ಮಂಡಿಯಲ್ಲಿ ಟೊಮೆಟೊ ಇಳಿಸಿ ಬಂದ ಖಾಲಿ ಗಾಡಿ. ಆದರೂ ಹಿಂದಿನ ಎಡಮಗ್ಗುಲು ತಗ್ಗಿಸಿಕೊಂಡು, ಕಾಲು ನೋಯುವ ಎತ್ತು ನಿಂತ ಹಾಗೆ ನಿಂತಿತ್ತು. "ಗಾಡಿ ವಾಲಿದೆಯಲ್ಲಾ" ಎಂದೆ. ಅಣ್ಣ ಒಂದು ಸಲ ನೋಡಿ, "ನೆಲ ಏರುಪೇರು ಬಿಡು" ಎಂದ. ದಿನಾ ಅದರಲ್ಲೇ ಕೂತು ಓಡಿಸುವವನು ಅವನು. ಸುಳ್ಳು ಹೇಳಲಿಲ್ಲ. ಅವನಿಗೆ ನಿಜವಾಗಿಯೂ ಕಂಡಿರಲಿಲ್ಲ.

ಹಾಲಿನ ಡೈರಿಯ ಮುಂದೆ ಒಂದಿಷ್ಟು ಸಿಮೆಂಟು ನೆಲವಿದೆ. ಗಾಡಿಯನ್ನು ಅಲ್ಲಿಗೆ ತಂದು ನಿಲ್ಲಿಸೆಂದೆ. ಮೊದಲು ನಾಲ್ಕೂ ಚಕ್ರದ ಗಾಳಿ ನೋಡಿದೆವು. ಟೈರಿನಲ್ಲಿ ಗಾಳಿ ಇಳಿದಿದ್ದರೂ ಗಾಡಿ ವಾಲುತ್ತದೆ, ಆ ಅನುಮಾನ ಮುಗಿಸಿಕೊಂಡೇ ಮುಂದಕ್ಕೆ ಹೋಗಬೇಕು. ಗಾಳಿ ಸರಿಯಾಗಿತ್ತು. ಅತ್ತಿಗೆ ಹೊಲಿಗೆ ಮಿಷನ್ನಿನ ಡಬ್ಬಿಯಿಂದ ಟೇಪು ತಂದುಕೊಟ್ಟರು. ಚಕ್ರದ ನಡುಮಧ್ಯದಿಂದ ನೇರ ಮೇಲಕ್ಕೆ, ತೊಟ್ಟಿಯ ಕೆಳಅಂಚಿನವರೆಗೆ ಅಳೆದೆ. ಎಡಕ್ಕೂ ಬಲಕ್ಕೂ ಒಂದೂವರೆ ಇಂಚು ವ್ಯತ್ಯಾಸ. ಒಂದಿಂಚು ದಾಟಿದರೇ ಗ್ಯಾರೇಜಿಗೆ ಹೋಗಬೇಕಾದ ಮಾತು. ಅಣ್ಣ ಟೇಪನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಇನ್ನೊಮ್ಮೆ ಅಳೆದ. ಆಮೇಲೆ ಮಾತಾಡಲಿಲ್ಲ.

ಕಾಲೇಜಿನ ರಜೆಗಳಲ್ಲಿ ನಾನು ಗಾಡಿಗಳ ಪ್ಲೇಟು ಕೆಲಸದ ಒಂದು ಶೆಡ್ಡಿನಲ್ಲಿ ಬಿಲ್ಲು ಬರೆಯುತ್ತಿದ್ದೆ. ಅಲ್ಲಿಗೆ ಬಂದ ಡ್ರೈವರುಗಳಲ್ಲಿ ಹೆಚ್ಚಿನವರು ಹೇಳುತ್ತಿದ್ದುದು ಒಂದೇ ಮಾತು: ನಿನ್ನೆವರೆಗೂ ಚೆನ್ನಾಗಿತ್ತು. ಅವರ ಮಾತಿನಲ್ಲಿ ಮೋಸವಿರಲಿಲ್ಲ. ಗಾಡಿ ಒಂದೇ ದಿನ ಕೂರುವುದಿಲ್ಲ. ಕೂದಲೆಳೆಯಷ್ಟು ದಿನದಿನಕ್ಕೆ ಕೂರುತ್ತದೆ. ಸ್ಟೇರಿಂಗ್ ಎಡಕ್ಕೆ ಎಳೆಯುವುದಕ್ಕೆ ಶುರುವಾದರೆ ಕೈ ತಾನಾಗಿ ಬಲಕ್ಕೆ ಒಂದಿಷ್ಟು ಹಿಡಿದುಕೊಳ್ಳುತ್ತದೆ. ಬ್ರೇಕು ಒತ್ತಿದಾಗ ಮೂತಿ ಮುಗ್ಗರಿಸುವುದು ಹೆಚ್ಚಾದರೆ ಕಾಲು ಇನ್ನೂ ಹತ್ತು ಮಾರು ಮುಂಚೆಯೇ ಬ್ರೇಕಿನ ಮೇಲೆ ಹೋಗುತ್ತದೆ. ಗಾಡಿಯ ಊನವನ್ನೆಲ್ಲ ಡ್ರೈವರನ ಮೈ ತುಂಬಿಕೊಡುತ್ತಾ ಹೋಗುತ್ತದೆ, ಅವನ ಮನಸ್ಸಿಗೆ ಒಂದು ಮಾತೂ ತಿಳಿಸದೆ. ಅದಕ್ಕೇ ಒಳ್ಳೆಯ ಮೆಕ್ಯಾನಿಕ್ಕುಗಳು ಡ್ರೈವರನನ್ನು ಪಕ್ಕದ ಸೀಟಿಗೆ ಕಳಿಸಿ ತಾವೇ ಒಂದು ಸುತ್ತು ಓಡಿಸಿ ಬರುತ್ತಾರೆ. ಪಕ್ಕದ ಸೀಟಿನಲ್ಲಿ ಕೂತ ಡ್ರೈವರನೂ ಎಷ್ಟೋ ಸಲ, "ಅರೆ, ಇಷ್ಟೊಂದು ಸದ್ದಿದೆಯಾ?" ಎಂದು ಬೆಚ್ಚುತ್ತಾನೆ.

ಪಿಕಪ್‌ನ ಹಿಂಭಾಗ ನಿಂತಿರುವುದು ಪ್ಲೇಟಿನ ಮೇಲೆ. ಬಿಲ್ಲಿನ ಹಾಗೆ ಬಾಗಿಸಿದ ಉಕ್ಕಿನ ಪಟ್ಟಿಗಳ ಕಟ್ಟು ಅದು. ಉದ್ದದ್ದು ಮೇಲೆ, ಗಿಡ್ಡದ್ದು ಕೆಳಗೆ. ಎಲ್ಲಕ್ಕಿಂತ ಮೇಲಿನ ಮೇನ್ ಪ್ಲೇಟಿನ ಎರಡೂ ತುದಿ ಸುರುಳಿ ಸುತ್ತಿ ಕಣ್ಣಿನಂತಾಗಿರುತ್ತದೆ, ಕಣ್ಣಿನೊಳಗೆ ಬುಷ್ಷು. ಮುಂದಿನ ಕಣ್ಣು ಚಾಸಿಗೆ ಸಿಕ್ಕಿಕೊಂಡಿರುತ್ತದೆ. ಹಿಂದಿನದು ಶ್ಯಾಕಲ್ ಎಂಬ ತೂಗುವ ಜೋಡಿ ಪಟ್ಟಿಗೆ. ಭಾರ ಬಿದ್ದಾಗ ಬಾಗಿದ್ದು ಚಪ್ಪಟೆಯಾಗಿ ಉದ್ದಕ್ಕೆ ಚಾಚುತ್ತದಲ್ಲ, ಆ ಚಾಚಿಗೆ ಜಾಗ ಕೊಡುವುದು ಈ ಶ್ಯಾಕಲ್. ನಡುವೆ ಎಲ್ಲ ಪಟ್ಟಿಗಳನ್ನೂ ತೂರಿಕೊಂಡು ನಿಂತ ಸೆಂಟರ್ ಬೋಲ್ಟು, ಅದರ ಎರಡು ಕಡೆ ಆಕ್ಸಲನ್ನು ತಬ್ಬಿ ಹಿಡಿದ ಯು-ಬೋಲ್ಟುಗಳು. ಪಕ್ಕದಲ್ಲಿ ಶಾಕ್ ಅಬ್ಸಾರ್ಬರ್. ನಮ್ಮ ಕಡೆ ಬಾಯಲ್ಲಿ ಶಾಕಪ್ಸರ್. ಹೊರುವುದು ಪ್ಲೇಟು, ಕುಣಿತ ನಿಲ್ಲಿಸುವುದು ಶಾಕಪ್ಸರ್. ಈ ಎರಡು ಕೆಲಸ ಬೇರೆ ಬೇರೆ ಎಂದು ತಿಳಿಯದೆ ದುಡ್ಡು ಕಳೆದುಕೊಂಡವರನ್ನು ಎಷ್ಟೋ ನೋಡಿದ್ದೇನೆ. ಕೂತ ಗಾಡಿಗೆ ಶಾಕಪ್ಸರ್ ಬದಲಾಯಿಸಿದರೆ ಗಾಡಿ ಏಳುವುದಿಲ್ಲ. ಕುಣಿಯುವ ಗಾಡಿಗೆ ಪ್ಲೇಟು ಸೇರಿಸಿದರೆ ಕುಣಿತ ನಿಲ್ಲುವುದಿಲ್ಲ.

ಮಾರನೆಯ ದಿನ ಗಾಡಿಯನ್ನು ಕೋಲಾರಕ್ಕೆ ಒಯ್ದೆವು. ಮೆಕ್ಯಾನಿಕ್ಕು ವಯಸ್ಸಾದವರು. ಮಲಗಿ ಕೆಳಗೆ ಹೋಗುವ ಮುಂಚೆ ಗಾಡಿಯ ಸುತ್ತ ಒಂದು ಸಲ ನಡೆದರು, ಮಾತಿಲ್ಲದೆ. ಆಮೇಲೆ ಕೆಳಗೆ ನುಸುಳಿ ಸಣ್ಣ ಸುತ್ತಿಗೆಯಿಂದ ಬಲಗಡೆಯ ಪಟ್ಟಿಗಳನ್ನು ಒಂದೊಂದಾಗಿ ತಟ್ಟಿದರು. ಗಂಟೆಯ ಹಾಗೆ ಟಣ್ ಎಂದವು. ಎಡಗಡೆ ತಟ್ಟಿದಾಗ ಮೊದಲನೆಯದು ಟಣ್ ಎಂದಿತು. ಎರಡನೆಯದು, ಒಡೆದ ಮಡಕೆಯ ಹಾಗೆ, ಡಬ್. "ಎರಡನೇ ಪ್ಲೇಟು ಕಟ್ ಆಗಿದೆ" ಎಂದರು ಕೆಳಗಿನಿಂದಲೇ. ಮೇನ್ ಪ್ಲೇಟು ಮೇಲೆ ಮುಚ್ಚಿಕೊಂಡಿತ್ತು, ಮುರಿದಿದ್ದು ಯು-ಬೋಲ್ಟಿನ ಅಂಚಿನಲ್ಲಿ. ಬಗ್ಗಿ ನೋಡಿದರೂ ಮಣ್ಣು ಗ್ರೀಸಿನ ಮಧ್ಯೆ ಯಾರಿಗೂ ಕಾಣುವಂತಿರಲಿಲ್ಲ.

ಕಟ್ಟು ಬಿಚ್ಚಿ ಮುರಿದ ಎರಡು ತುಂಡನ್ನು ಬೆಂಚಿನ ಮೇಲಿಟ್ಟರು. ಆ ಮುರಿದ ಮುಖವನ್ನು ಪ್ರತಿಯೊಬ್ಬ ಗಾಡಿ ಮಾಲೀಕನೂ ಒಂದು ಸಲ ನೋಡಬೇಕು. ಮುಕ್ಕಾಲು ಪಾಲು ಕಂದು ತುಕ್ಕು ಹಿಡಿದು ನುಣುಪಾಗಿತ್ತು, ಅದರ ಮೇಲೆ ಕಮಾನು ಕಮಾನಾಗಿ ಗೆರೆಗಳು. ಬೇಸಿಗೆಯಲ್ಲಿ ಕೆರೆಯ ನೀರು ಇಳಿಯುತ್ತಾ ದಡದ ಮೇಲೆ ಬಿಟ್ಟುಹೋಗುವ ಗೆರೆಗಳ ಹಾಗೇ ಇದ್ದವು. ಉಳಿದ ಕಾಲು ಪಾಲು ಮಾತ್ರ ಸಕ್ಕರೆ ಮುರಿದಂತೆ ಒರಟು, ಬೂದು ಹೊಳಪು. ಕಂದು ಭಾಗ ತಿಂಗಳುಗಟ್ಟಲೆ ಒಳಗೊಳಗೇ ನಡೆದ ಬಿರುಕು. ಹೊಳೆಯುವ ಭಾಗ ಕೊನೆಗೆ ಒಂದು ಏಟಿಗೆ ಹೋದದ್ದು. "ಹದಿನೈದು ದಿನದ ಹಿಂದೆ ಹಂಪಿನ ಮೇಲೆ ಟಣ್ ಅಂತ ಒಂದು ಸದ್ದು ಬಂತು. ಕಲ್ಲು ಹೊಡೀತು ಅಂದ್ಕೊಂಡೆ" ಎಂದ ಅಣ್ಣ. ಅವತ್ತು ಅವನ ಗಾಡಿಯಲ್ಲಿ ಟೊಮೆಟೊ ಬಾಕ್ಸುಗಳ ಮೇಲೆ ಕೊಯ್ಲಿಗೆ ಬಂದ ಮೂವರು ಹೆಂಗಸರೂ ಕೂತಿದ್ದರಂತೆ. ಅದನ್ನು ಅವನು ಮೆಲ್ಲಗೆ ಹೇಳಿದ.

ಲೋಹಕ್ಕೂ ದಣಿವಿದೆ ಎಂದು ಜಗತ್ತು ಕಲಿತದ್ದು ಜನರ ಪ್ರಾಣ ಕೊಟ್ಟು. 1842ರ ಮೇ 8ರಂದು ಫ್ರಾನ್ಸಿನಲ್ಲಿ ವರ್ಸೈಯಿಂದ ಪ್ಯಾರಿಸ್ಸಿಗೆ ವಾಪಸು ಹೊರಟಿದ್ದ ರೈಲಿನ ಎಂಜಿನ್ನಿನ ಆಕ್ಸಲ್ ಮುರಿಯಿತು. ಗಾಡಿಗಳು ಒಂದರ ಮೇಲೊಂದು ಬಿದ್ದು ಬೆಂಕಿ ಹತ್ತಿ 50ಕ್ಕೂ ಹೆಚ್ಚು ಜನ ಸತ್ತರು. ಹೊರುವ ಶಕ್ತಿಯಿದ್ದ ಗಟ್ಟಿ ಆಕ್ಸಲ್ ಯಾಕೆ ಮುರಿಯಿತು? ಪ್ರಷ್ಯದ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ಇಂಥ ಪ್ರಶ್ನೆಯ ಬೆನ್ನು ಹತ್ತಿದ. ಕಬ್ಬಿಣ, ಉಕ್ಕಿನ ತುಂಡುಗಳನ್ನು ಯಂತ್ರಕ್ಕೆ ಕಟ್ಟಿ ಲಕ್ಷಾಂತರ ಸಲ ಬಗ್ಗಿಸಿ ನೋಡಿದ. ಒಂದೇ ಸಲ ಹೇರಿದರೆ ಮುರಿಯದ ಭಾರ, ಮತ್ತೆ ಮತ್ತೆ ಹೇರಿದರೆ ಮುರಿಯುತ್ತದೆ ಎಂದು ಅವನು ತೋರಿಸಿದ. ಭಾರ ಸ್ವಲ್ಪ ಏರಿದರೂ ತಾಳುವ ಸಲಗಳ ಎಣಿಕೆ ಬಹಳಷ್ಟು ಇಳಿಯುತ್ತದೆ ಎಂದೂ ತೋರಿಸಿದ. ಶ್ರೀನಿವಾಸಪುರದಿಂದ ಕೋಲಾರಕ್ಕೆ ಹೋಗಿಬರುವ ದಾರಿಯಲ್ಲಿ ಒಂದು ಪ್ಲೇಟು ಎಷ್ಟು ಸಲ ಬಗ್ಗಿ ಏಳುತ್ತದೋ ಯಾರೂ ಎಣಿಸಿಲ್ಲ. ಪ್ಲೇಟು ಎಣಿಸಿಕೊಂಡಿರುತ್ತದೆ.

ನಮ್ಮ ಕಡೆಯ ಲೆಕ್ಕವನ್ನೇ ಹೇಳುತ್ತೇನೆ. ಕೋಲಾರದ ಮಂಡಿಯಲ್ಲಿ ಟೊಮೆಟೊ ಹರಾಜಾಗುವುದು 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ. ಅಣ್ಣನ ಗಾಡಿ ಹೊರಬಹುದಾದ್ದು 1,700 ಕೆ.ಜಿ. ಬಾಕ್ಸಿನ ತೂಕ ಬಿಟ್ಟು ಬರೀ ಹಣ್ಣಿನದೇ ಲೆಕ್ಕ ಹಿಡಿದರೂ 113 ಬಾಕ್ಸು. ಸೀಸನ್ನಿನಲ್ಲಿ ಅವನು ಹೇರುವುದು 150. ಹಣ್ಣೇ 2,250 ಕೆ.ಜಿ. ಆಯಿತು. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಅವನಿಗದು ಗೊತ್ತು. ಆದರೆ ಎರಡನೇ ಟ್ರಿಪ್ಪಿನ ಡೀಸೆಲ್ಲಿನ ಲೆಕ್ಕವೂ ಗೊತ್ತು. 2023ರ ಜುಲೈನಲ್ಲಿ ಬಾಕ್ಸು 2,000 ರೂಪಾಯಿ ದಾಟಿದ್ದನ್ನೂ ಕಂಡಿದ್ದಾನೆ, ಕೇಳುವವರಿಲ್ಲದೆ ರಸ್ತೆ ಬದಿಗೆ ಹಣ್ಣು ಸುರಿದದ್ದನ್ನೂ ಕಂಡಿದ್ದಾನೆ. ಬೆಲೆ ಇದ್ದ ದಿನ ಹೆಚ್ಚು ಹೇರಬೇಕೆಂಬ ಆತುರ, ಬೆಲೆ ಬಿದ್ದ ದಿನ ಒಂದೇ ಟ್ರಿಪ್ಪಿನಲ್ಲಿ ಮುಗಿಸಬೇಕೆಂಬ ಸಂಕಟ. ಎರಡೂ ಹೋಗಿ ಬೀಳುವುದು ಅದೇ ಪ್ಲೇಟಿನ ಮೇಲೆ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಆದರೆ ಅವನು ಕೇಳಿದ ಇನ್ನೊಂದು ಮಾತಿಗೆ ಮೆಕ್ಯಾನಿಕ್ಕೂ ನಾನೂ ಒಟ್ಟಿಗೆ ಬೇಡವೆಂದೆವು. "ಹೇಗೂ ಬಿಚ್ಚಿದ್ದೀರ, ಎರಡು ಪ್ಲೇಟು ಜಾಸ್ತಿ ಹಾಕಿಬಿಡಿ" ಎಂದಿದ್ದ. ಬಹಳ ಜನ ಹಾಕಿಸುತ್ತಾರೆ. ಗಾಡಿ ಎತ್ತರ ನಿಂತಾಗ ಗಟ್ಟಿಯಾದ ಹಾಗೆ ಕಾಣುತ್ತದೆ. ಆದರೆ ಚಾಸಿ ಅದೇ, ಆಕ್ಸಲ್ ಅದೇ, ಚಕ್ರದ ಬೇರಿಂಗ್ ಅದೇ, ಬ್ರೇಕೂ ಅದೇ. ಪ್ಲೇಟು ಬಗ್ಗದಿದ್ದರೆ ಏಟು ನೇರ ಚಾಸಿಗೆ ಹೋಗುತ್ತದೆ. ಇನ್ನೂ ಒಂದು ಸಂಗತಿ ಬಹಳ ಡ್ರೈವರುಗಳಿಗೆ ಗೊತ್ತಿಲ್ಲ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಕಡ್ಡಿ ಕಟ್ಟಿದ ವಾಲ್ವು ಇರುತ್ತದೆ, ಲೋಡ್ ಸೆನ್ಸಿಂಗ್ ವಾಲ್ವು. ಗಾಡಿ ಎಷ್ಟು ಕೂತಿದೆ ಎಂಬುದನ್ನು ನೋಡಿ ಭಾರ ಅಂದಾಜು ಮಾಡಿ ಹಿಂದಿನ ಚಕ್ರಕ್ಕೆ ಬ್ರೇಕು ಎಷ್ಟು ಹೋಗಬೇಕೆಂದು ಅದು ತೀರ್ಮಾನಿಸುತ್ತದೆ. ಪ್ಲೇಟು ಸೇರಿಸಿ ಗಾಡಿಯನ್ನು ಎತ್ತಿಬಿಟ್ಟರೆ, ತುಂಬಿದ ಗಾಡಿಯೂ ಅದಕ್ಕೆ ಖಾಲಿ ಗಾಡಿಯಾಗಿ ಕಾಣುತ್ತದೆ. ಅತಿ ಹೆಚ್ಚು ಬ್ರೇಕು ಬೇಕಾದ ಹೊತ್ತಿನಲ್ಲೇ ಹಿಂದಕ್ಕೆ ಕಡಿಮೆ ಬ್ರೇಕು ಬಿಡುತ್ತದೆ. ಇದನ್ನು ಕೇಳಿ ಅಣ್ಣ ಸುಮ್ಮನಾದ. ಅವನ ಮಗಳು ಅದೇ ಗಾಡಿಯಲ್ಲಿ ಸ್ಕೂಲಿಗೆ ಹೋಗುತ್ತಾಳೆ.

ಹಾಗಾದರೆ ಮುರಿಯುವ ಮುಂಚೆ ತಿಳಿಯುವುದು ಹೇಗೆ ಎಂದು ಅವನು ಚಹಾ ಕುಡಿಯುತ್ತಾ ಕೇಳಿದ. ಮೆಕ್ಯಾನಿಕ್ಕು ಅವನನ್ನು ಗಾಡಿಯ ಹತ್ತಿರ ಕರೆದುಕೊಂಡು ಹೋಗಿ ಒಂದೊಂದೇ ತೋರಿಸಿದರು. ಹಿಂದಿನ ಟೈರಿನ ಮೇಲೆ ಅಂಗೈ ಆಡಿಸಲು ಹೇಳಿದರು: ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು, ನೆಗ್ಗಿದ ಪಾತ್ರೆಯಂತೆ. ಶಾಕಪ್ಸರ್ ಸತ್ತಾಗ ಚಕ್ರ ರಸ್ತೆಯ ಮೇಲೆ ಉರುಳುವ ಬದಲು ಕುಪ್ಪಳಿಸುತ್ತದೆ, ಬಿದ್ದಲ್ಲಿ ತಗ್ಗಾಗುತ್ತದೆ. ಶಾಕಪ್ಸರಿನ ಮೈಮೇಲೆ ಎಣ್ಣೆ ಜಿನುಗಿ ಅದಕ್ಕೆ ದೂಳು ಮೆತ್ತಿಕೊಂಡಿತ್ತು. ಪಟ್ಟಿಗಳ ನಡುವಿನಿಂದ ಕುಂಕುಮದಂಥ ಕೆಂಪು ಪುಡಿ ಇಳಿದ ಗುರುತಿತ್ತು. ಲೋಹ ಲೋಹವನ್ನು ಉಜ್ಜಿದ ಪುಡಿ ಅದು, ಯು-ಬೋಲ್ಟು ಸಡಿಲವಾದಾಗ ಹೆಚ್ಚಾಗಿ ಕಾಣುತ್ತದೆ. ಆಕ್ಸಲಿನ ಮೇಲಿನ ರಬ್ಬರು ಗುಬ್ಬಿ ಹರಿದುಹೋಗಿ, ಅದರ ಎದುರಿನ ಚಾಸಿಯ ಕಬ್ಬಿಣ ಬೆಳ್ಳಿಯ ಕಾಸಿನ ಹಾಗೆ ಮಿರುಗುತ್ತಿತ್ತು. ತುಕ್ಕು ಹಿಡಿದ ಗಾಡಿಯ ಅಡಿಯಲ್ಲಿ ಹೊಳೆಯುವ ಜಾಗ ಕಂಡರೆ ಅಲ್ಲಿ ಏನೋ ಏನಕ್ಕೋ ಬಡಿಯುತ್ತಿದೆ. ಖಾಲಿ ನಿಂತಾಗಲೇ ಶ್ಯಾಕಲ್ ಹಿಂದಕ್ಕೆ ಮಲಗಿಬಿಟ್ಟಿದ್ದರೆ ಪ್ಲೇಟಿನ ಕಮಾನು ಹೋಗಿದೆ ಎಂದೇ ಅರ್ಥ.

ಸದ್ದಿನ ವಿಷಯ ಬಂದಾಗ ಅವರು ಬಹಳ ಹೊತ್ತು ಮಾತಾಡಿದರು. ಮೆಲ್ಲಗೆ ಹೋಗುವಾಗ ಕಿರ್ ಕಿರ್ ಎಂದರೆ ಬುಷ್ಷು ಒಣಗಿದೆ. ಗೇರು ಹಾಕಿ ಹೊರಟಾಗ ಒಂದು ಸಲ, ಬ್ರೇಕು ಹಿಡಿದಾಗ ಒಂದು ಸಲ ಟಕ್ ಎಂದರೆ ಶ್ಯಾಕಲ್ ಬುಷ್ಷು ಸವೆದು ಹೋಗಿದೆ, ಇಲ್ಲವೇ ಯು-ಬೋಲ್ಟು ಸಡಿಲ. ಕೆಟ್ಟ ರಸ್ತೆಯಲ್ಲಿ ಮುಂದಿನಿಂದ ಕಟಕಟ ಸದ್ದು ಬಂದು ಜೊತೆಗೆ ಸ್ಟೇರಿಂಗಿನಲ್ಲಿ ಆಟವಿದ್ದರೆ ಅದನ್ನು ಒಂದು ದಿನವೂ ಮುಂದಕ್ಕೆ ಹಾಕಬಾರದು, ಚಕ್ರದ ದಿಕ್ಕು ಹಿಡಿದಿರುವ ಜಾಯಿಂಟುಗಳ ಮಾತು ಅದು. ಸದ್ದು ಇದ್ದಕ್ಕಿದ್ದಂತೆ ನಿಂತರೆ ಇನ್ನೂ ಹೆದರಬೇಕು ಎಂದರು. ಮುರಿಯಬೇಕಾದ್ದು ಮುರಿದು ಕೂತಿದ್ದರೂ ಸದ್ದು ನಿಲ್ಲುತ್ತದೆ.

ಕಾರನ್ನು ಮೂಲೆಯಲ್ಲಿ ಅದುಮಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆಂದು ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಅದು ಖಾಲಿ ಪಿಕಪ್‌ಗೆ ಅಷ್ಟು ನಡೆಯುವುದಿಲ್ಲ. ಭಾರಕ್ಕೆಂದು ಮಾಡಿದ ಪ್ಲೇಟು ಒಬ್ಬ ಮನುಷ್ಯನ ತೂಕಕ್ಕೆ ಅಲುಗುವುದೇ ಕಷ್ಟ. ಅದಕ್ಕಿಂತ ಬೈಕಿನಲ್ಲಿ ಗಾಡಿಯ ಹಿಂದೆ ಹೋಗಿ ಹಂಪು ದಾಟುವಾಗ ನೋಡಬೇಕು. ಚಕ್ರ ಇಳಿದ ಮೇಲೆ ತೊಟ್ಟಿ ಒಂದು ಸಲ ಎದ್ದು ಕೂತರೆ ಸರಿ. ಮೂರು ನಾಲ್ಕು ಸಲ ತೂಗಿದರೆ ಶಾಕಪ್ಸರ್ ಮುಗಿದಿದೆ. ಹಾಗೇ ಹಿಂದಿನಿಂದ ನೇರ ದಾರಿಯಲ್ಲಿ ನೋಡುವಾಗ ಮುಂದಿನ ಚಕ್ರದ ಜಾಡಿನಲ್ಲೇ ಹಿಂದಿನ ಚಕ್ರ ಹೋಗುತ್ತಿದೆಯೇ ಗಮನಿಸಬೇಕು. ಸೆಂಟರ್ ಬೋಲ್ಟು ಮುರಿದರೆ ಆಕ್ಸಲ್ ಜರುಗಿ ಗಾಡಿ ಏಡಿಯ ಹಾಗೆ ಓರೆಯಾಗಿ ಓಡುತ್ತದೆ, ಒಳಗೆ ಕೂತವನಿಗೆ ನೇರ ಹೋಗುತ್ತಿದ್ದೇನೆ ಎಂದೇ ಅನ್ನಿಸುತ್ತಿರುತ್ತದೆ. ಇನ್ನು ರಾತ್ರಿ ಎದುರು ಬರುವವರೆಲ್ಲ ನಿಮಗೆ ಡಿಪ್ ಹೊಡೆಯುತ್ತಿದ್ದರೆ ಸಿಟ್ಟಾಗದೆ ಇಳಿದು ಹಿಂದೆ ಹೋಗಿ ನೋಡಿ. ಹಿಂಭಾಗ ಕೂತು ಹೆಡ್‌ಲೈಟು ಆಕಾಶ ನೋಡುತ್ತಿರಬಹುದು. ಎದುರಿನ ಬೈಕಿನವನ ಕಣ್ಣಿಗೆ ಅದು ಕತ್ತಲೆ.

ನಮ್ಮ ಹಳ್ಳಿಗಳ ಹಂಪುಗಳ ಬಗ್ಗೆ ಒಂದು ಮಾತು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ಹಂಪು 3.7 ಮೀಟರ್ ಅಗಲ ಹರಡಿಕೊಂಡು ನಡುವೆ 10 ಸೆಂಟಿಮೀಟರ್ ಮಾತ್ರ ಎತ್ತರವಿರಬೇಕು, ಗಂಟೆಗೆ 25 ಕಿ.ಮೀ. ವೇಗದಲ್ಲಿ ಮೆತ್ತಗೆ ದಾಟುವಂತೆ. ನಾವು ಹಾಕಿಕೊಂಡಿರುವುದು ಹೊಲದ ಬದುವಿನಂಥ ಚೂಪು ದಿಬ್ಬ, ಬಣ್ಣವಿಲ್ಲ, ಫಲಕವಿಲ್ಲ. ಮಗುವೊಂದು ಬಸ್ಸಿಗೆ ಸಿಕ್ಕಿದ ನೋವಿನಲ್ಲಿ ಊರವರೇ ರಾತ್ರೋರಾತ್ರಿ ಹಾಕಿದ ಹಂಪುಗಳೂ ಇವೆ. ಅವನ್ನು ತೆಗೆಯಿರಿ ಎನ್ನಲು ನನಗೆ ಮನಸ್ಸಿಲ್ಲ. ಸರಿಯಾಗಿ ಹಾಕಿಕೊಡಿ ಎಂದು ಕೇಳುವ ಹಕ್ಕು ನಮಗಿದೆ. ಒಂದು ಚಕ್ರವನ್ನು ಹಂಪಿನ ಪಕ್ಕದ ಮಣ್ಣಿಗೆ ಇಳಿಸಿ ದಾಟುವ ಅಭ್ಯಾಸ ನಮ್ಮ ಡ್ರೈವರುಗಳಿಗಿದೆಯಲ್ಲ, ಅದರಿಂದ ಗಾಡಿ ಮಣ್ಣಿನ ಕಡೆಗೆ ವಾಲಿ ಭಾರ ಯಾವಾಗಲೂ ಒಂದೇ ಮಗ್ಗುಲಿಗೆ ಬೀಳುತ್ತದೆ. ಅಣ್ಣನ ಗಾಡಿಯ ಎಡಗಡೆಯೇ ಯಾಕೆ ಹೋಯಿತೆಂದು ಯೋಚಿಸಿದಾಗ ನನಗೆ ಹೊಳೆದದ್ದು ಇದೇ.

ಮುರಿದದ್ದನ್ನು ವೆಲ್ಡ್ ಮಾಡಿಸಿದರೆ ಐನೂರು ರೂಪಾಯಿಯಲ್ಲಿ ಮುಗಿಯುತ್ತದೆಂದು ಪಕ್ಕದಲ್ಲಿ ನಿಂತ ಯಾರೋ ಹೇಳಿದರು. ಪ್ಲೇಟಿನ ಉಕ್ಕಿಗೆ ಆ ಸ್ಥಿತಿಸ್ಥಾಪಕ ಗುಣ ಬರುವುದು ಸಿಲಿಕಾನು, ಮ್ಯಾಂಗನೀಸು ಬೆರೆಸಿ, ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದವಾಗಿ ಕಾಯಿಸಿದ್ದರಿಂದ. ವೆಲ್ಡಿಂಗಿನ ಶಾಖ ಆ ಹದವನ್ನೇ ಕೆಡಿಸುತ್ತದೆ. ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಮೆಕ್ಯಾನಿಕ್ಕು ಅದಕ್ಕೆ ಒಪ್ಪಲಿಲ್ಲ. ಎರಡೂ ಕಡೆ ಹೊಸ ಕಟ್ಟು, ಹೊಸ ಬುಷ್ಷು, ಹಿಂದಿನ ಎರಡೂ ಶಾಕಪ್ಸರ್, ಹೊಸ ಯು-ಬೋಲ್ಟು ಹಾಕಿದರು. ಒಂದು ಕಡೆ ಹೊಸದು, ಇನ್ನೊಂದು ಕಡೆ ದಣಿದದ್ದು ಇದ್ದರೆ ಗಾಡಿ ಮತ್ತೆ ವಾಲುತ್ತದೆ. ಯು-ಬೋಲ್ಟು ಒಂದು ಸಲ ಬಿಗಿದಾಗ ಎಳೆದುಕೊಂಡಿರುತ್ತದೆ, ಅದನ್ನು ಮತ್ತೆ ನಂಬಲಾಗದು. ಖರ್ಚು ಅಣ್ಣನಿಗೆ ಭಾರವಾಯಿತು. ಅರ್ಧ ನಾನು ಕೊಟ್ಟೆ.

ಮುರಿದ ಪ್ಲೇಟನ್ನು ಅಣ್ಣ ಬಿಟ್ಟುಬರಲಿಲ್ಲ, ಗೋಣಿಯಲ್ಲಿ ಸುತ್ತಿ ತಂದ. ಕಮ್ಮಾರರಿಗೆ ಇದಕ್ಕಿಂತ ಒಳ್ಳೆಯ ಉಕ್ಕು ಸಿಗುವುದಿಲ್ಲ. ಮಲೆನಾಡಿನಲ್ಲಿ ಜೀಪಿನ ಪ್ಲೇಟಿನ ಕತ್ತಿ ಎಂದರೆ ಇವತ್ತಿಗೂ ಗೌರವ. ನಮ್ಮೂರಿನಲ್ಲಿ ಅದು ಮಚ್ಚಾಗುತ್ತದೆ, ಕುಡುಗೋಲಾಗುತ್ತದೆ.

ವಾಪಸು ಬರುವಾಗ ನಾನು ಪಕ್ಕದ ಸೀಟಿನಲ್ಲಿದ್ದೆ. ಮೊದಲ ಹಂಪು ದಾಟಿದಾಗ ಅಣ್ಣ ಅಭ್ಯಾಸಕ್ಕೆ ಸೊಂಟ ಬಿಗಿಹಿಡಿದು ಸೀಟಿನಿಂದ ಅರ್ಧ ಎದ್ದ, ಏಟು ಬರಲಿಲ್ಲ, ಹಾಗೇ ಕೂತ. ಎರಡನೆಯದಕ್ಕೂ ಎದ್ದ. ಐದಾರು ಹಂಪಾದ ಮೇಲೆ ಏಳುವುದು ನಿಂತಿತು. ಒಂದು ವರ್ಷದಿಂದ ಬೆನ್ನುನೋವೆಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದವನು. ಮಂಡಿಯಲ್ಲಿ ತಳದ ಬಾಕ್ಸಿನ ಹಣ್ಣು ಜಜ್ಜಿದೆ ಎಂದು ಬೆಲೆ ಮುರಿಸಿಕೊಳ್ಳುತ್ತಿದ್ದವನೂ ಅವನೇ. ಕೊಯ್ಲಿನ ಹೆಂಗಸರನ್ನು ಇನ್ನು ಬಾಕ್ಸಿನ ಮೇಲೆ ಕೂರಿಸಬೇಡ, ಅವರಿಗೆ ಆಟೋ ಮಾಡು, ಆ ದುಡ್ಡನ್ನೂ ನಾನು ಸೇರಿಸುತ್ತೇನೆ ಎಂದೆ. ಆಯಿತು ಎಂದ.

ಹೊಸ ಯು-ಬೋಲ್ಟನ್ನು 500 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿಯಬೇಕೆಂದು ಮೆಕ್ಯಾನಿಕ್ಕು ಎರಡು ಸಲ ಹೇಳಿದ್ದರು. ನಿನ್ನೆ ಸಂಜೆ ಅಣ್ಣನ ಫೋನು ಬಂತು. ಡೈರಿಯ ಮುಂದೆ ನಿಲ್ಲಿಸಿ ಅಳೆದನಂತೆ, ಎರಡೂ ಕಡೆ ಸಮ. ಯು-ಬೋಲ್ಟು ಅರ್ಧ ಸುತ್ತು ತಿರುಗಿತಂತೆ.